ಬಬಲ್‌ಗಮ್ ವಾಸನೆಯ ಕಾರ್ಡು

ಗಲ್ಫಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಕಟ್ಟಡದಲ್ಲಿ ಎದುರು ಫ್ಲ್ಯಾಟಿನಲ್ಲಿದ್ದ ಸ್ಟೋರ್‌ಕೀಪರ್ ಬೇಸ್‌ಬಾಲ್ ಆಟವನ್ನು ಒಮ್ಮೆಯೂ ನೋಡಿದವರಲ್ಲ. ಅವರಲ್ಲಿ ಇದ್ದದ್ದು ಆಟಗಾರರ ಚಿತ್ರವಿರುವ ಕಾರ್ಡುಗಳು; ಅವರ ಕಂಪನಿಯ ಅಮೆರಿಕನ್ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಮರಳುವಾಗ ಕೊಟ್ಟುಹೋದವು. ಚಹಾಕ್ಕೆ ಹೋದವರ ಮುಂದೆ ಅವನ್ನು ಹಳೆಯದರಿಂದ ಹೊಸದಕ್ಕೆ ಸಾಲಾಗಿ ಇಡುತ್ತಿದ್ದರು.

"ನೋಡಿ, ಇವನ ತಲೆಗೆ ಬರೀ ಟೊಪ್ಪಿ. ಇವನ ಕಾಲಕ್ಕೆ ಹೆಲ್ಮೆಟ್ ಬಂತು. ಇವನ ಕಾಲಕ್ಕೆ ಕಾರ್ಡೇ ಮಿಂಚ್ಲಿಕ್ಕೆ ಶುರುವಾಯ್ತು."

ಅಲ್ಲಿಗೆ ಆಟದ ಚರಿತ್ರೆ ಮುಗಿಯುತ್ತಿತ್ತು. ಆಮೇಲೆ ಅತಿ ಹಳೆಯ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನಮ್ಮ ಮೂಗಿನ ಬಳಿ ತರುತ್ತಿದ್ದರು.

"ಮೂಸಿ ನೋಡಿ ಮಾರಾಯ್ರೆ."

ಆ ಕಾಲದಲ್ಲಿ ಕಾರ್ಡು ಬಬಲ್‌ಗಮ್ಮಿನ ಪೊಟ್ಟಣದೊಳಗೆ ಬರುತ್ತಿತ್ತಂತೆ. ಅದರ ಬೆನ್ನಿಗೆ ಅಂಟಿದ ಕಂದು ಕಲೆಯಲ್ಲಿ ಸಿಹಿ ವಾಸನೆ ಇನ್ನೂ ಉಳಿದಿತ್ತು.

ಕಳೆಯಬಾರದ್ದು ಏನಿದ್ದರೂ ಲ್ಯಾಮಿನೇಟ್ ಮಾಡಿಸುವುದು ಅಲ್ಲಿ ನಮ್ಮೆಲ್ಲರ ಅಭ್ಯಾಸ. ಒಮ್ಮೆ ರಜೆಗೆ ಊರಿಗೆ ಹೊರಡುವ ಮುಂಚೆ ಅವರು ಮಕ್ಕಳ ಸರ್ಟಿಫಿಕೇಟುಗಳ ಜೊತೆ ಆ ಕಾರ್ಡನ್ನೂ ಕೆಳಗಿನ ಟೈಪಿಂಗ್ ಸೆಂಟರಿನಲ್ಲಿ ಲ್ಯಾಮಿನೇಟ್ ಮಾಡಿಸಿದರು. ಆಫೀಸಿನ ಇನ್ನೊಬ್ಬ ಅಮೆರಿಕನ್ ಅದನ್ನು ಕಂಡು ತಲೆಯ ಮೇಲೆ ಕೈ ಹೊತ್ತನಂತೆ. ಪ್ಲಾಸ್ಟಿಕ್ ಅಂಟಿಸಿದ ಹಳೆಯ ಕಾರ್ಡನ್ನು ಯಾರೂ ಕೊಳ್ಳುವುದಿಲ್ಲ, ಇನ್ನು ಇದಕ್ಕೆ ಬೆಲೆಯೇ ಇಲ್ಲ ಎಂದನಂತೆ.

"ಮಾರ್ಲಿಕ್ಕೆ ಇಟ್ಟದ್ದಾ ಅದು?" ಎಂದು ಅವರು ನನ್ನೆದುರು ನಕ್ಕರು.

ಎಂದಿನಂತೆ ಕಾರ್ಡುಗಳನ್ನು ಸಾಲಾಗಿಟ್ಟು, ಟೊಪ್ಪಿ, ಹೆಲ್ಮೆಟ್ಟುಗಳನ್ನು ದಾಟಿ, ಹಳೆಯದನ್ನು ಎತ್ತಿ ನನ್ನ ಮೂಗಿನ ಬಳಿ ತಂದರು.

"ಮೂಸಿ..." ಎಂದವರು ಅಲ್ಲೇ ನಿಲ್ಲಿಸಿದರು. ಕೈ ಹಿಂದೆಗೆದು, ಪ್ಲಾಸ್ಟಿಕ್ಕಿನ ಮೇಲಿಂದಲೇ ತಾವೊಮ್ಮೆ ಮೂಸಿದರು.

"ಚಾ ಆರ್ತದೆ, ಕುಡಿಯಿರಿ" ಎಂದರು.