ಚಳಿಯಿಂದ ಹೆಕ್ಕಿದ ಕಾವು

ನಾರ್ವೆಗೆ ಬಂದ ಮೇಲಿನ ಮೊದಲ ಕೆಲಸದ ದಿನ. ಒಂದು ಮರದ ಮನೆಯ ಹಿಂಭಾಗದಲ್ಲಿ ಮೊಣಕಾಲು ಮುಳುಗುವ ಹಿಮದೊಳಗೆ ನಿಂತಿದ್ದೆ. ನನ್ನ ಮೇಸ್ತ್ರಿ ಊಲಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಫ್ರೀಸರ್ ದು?" ಎಂದು ಕೇಳಿದ. ನನಗೆ ಖುಷಿಯಾಯಿತು. ಪರದೇಶದಲ್ಲಿ ಅರ್ಥವಾದ ಮೊದಲ ಮಾತು ನನ್ನ ಕಸುಬಿನದ್ದೇ ಆಗಿತ್ತಲ್ಲ! ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಹೌದು, ಫ್ರೀಸರ್, ಏಸಿ, ಐಸ್ ಪ್ಲಾಂಟ್, ಹನ್ನೆರಡು ವರ್ಷದ ಅನುಭವ ಇದೆ" ಎಂದೆ. ಅವನು ತನ್ನ ಕೈಗವಸು ಬಿಚ್ಚಿ ನನಗೆ ಕೊಟ್ಟ. ಅವನು ಕೇಳಿದ್ದು 'ನಿನಗೆ ಚಳಿಯಾಗುತ್ತಿದೆಯಾ' ಎಂದು. ನಮ್ಮಲ್ಲಿ 'ಊಟ ಆಯ್ತಾ' ಅನ್ನುವ ಹಾಗೆ ಇಲ್ಲಿ ಎದುರಾದವರೆಲ್ಲ ಇದನ್ನು ಕೇಳುತ್ತಾರೆ.

ನಾನು ಕುಂದಾಪುರದ ಕೋಡಿಯವನು. ಬೈಂದೂರಿನ ಲಾಡ್ಜುಗಳಿಂದ ಬ್ರಹ್ಮಾವರದ ಮದುವೆ ಹಾಲ್‌ಗಳ ತನಕ, ಬೈಕಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಏಸಿ ರಿಪೇರಿಗೆ ಓಡಾಡುತ್ತಿದ್ದೆ. ಆಮೇಲೆ ಮೂರು ವರ್ಷ ಮಸ್ಕತ್. ಅಲ್ಲಿಂದ ಈ ಮೀನುಗಾರರ ಊರಿಗೆ. ಇಲ್ಲಿ ನಾನು ಕೂರಿಸುವ ಯಂತ್ರಕ್ಕೆ 'ವಾರ್ಮೆಪುಂಪೆ' ಎನ್ನುತ್ತಾರೆ, ಅಂದರೆ ಕಾವಿನ ಪಂಪು. ನೋಡಲಿಕ್ಕೆ ನಮ್ಮ ಏಸಿಯೇ. ಅದೇ ಕಂಪ್ರೆಸರ್, ಅದೇ ತಾಮ್ರದ ಕೊಳವೆ. ನಮ್ಮ ಏಸಿ ಕೋಣೆಯ ಸೆಕೆಯನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ಇದು ಹೊರಗಿನ ಗಾಳಿಯಲ್ಲಿ, ಆ ಹಿಮದ ಗಾಳಿಯಲ್ಲೂ, ಉಳಿದಿರುವ ಕಾವನ್ನು ಹೆಕ್ಕಿ ಒಳಗೆ ತರುತ್ತದೆ. ಒಳಗಿರುವ ಒಂದು ವಾಲ್ವ್ ತಿರುಗಿದರೆ ಕಾವು ಹರಿಯುವ ದಿಕ್ಕು ಬದಲಾಗುತ್ತದೆ, ಅಷ್ಟೇ. ಊರಿನಲ್ಲಿ ನಾನು ಹಾಕುತ್ತಿದ್ದ ಏಸಿಗಳಲ್ಲಿ ಆ ವಾಲ್ವ್ ಇರುತ್ತಿರಲಿಲ್ಲ. ಕುಂದಾಪುರದಲ್ಲಿ ಮನೆಯೊಳಗೆ ಕಾವು ಬೇಕಾದವರು ಯಾರು?

ನನಗೆ ಇರಲು ಸಿಕ್ಕಿದ್ದು ಒಂದು ಕಟ್ಟಡದ ನೆಲಮಾಳಿಗೆ. ಕಿಟಕಿಯಲ್ಲಿ ಹೋಗುಬರುವವರ ಬೂಟುಗಳು ಮಾತ್ರ ಕಾಣುತ್ತವೆ. ಕುಚ್ಚಲಕ್ಕಿ ಸಿಗುವುದಿಲ್ಲ. ಬಂಗುಡೆಯ ಜಾತಿಯ ಮೀನು ಸಿಗುತ್ತದೆ, ಆದರೆ ನಮ್ಮದರ ಎರಡರಷ್ಟು ಉದ್ದ. ಅದನ್ನು ಇವರು ಟೊಮೆಟೊ ಸಾರಿನಲ್ಲಿ ಹಾಕಿ, ಡಬ್ಬಿ ಮಾಡಿ, ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುತ್ತಾರೆ. ನಾನು ಮೊದಲ ಸಲ ಹುಳಿ ಖಾರ ಹಾಕಿ ಸಾರು ಕುದಿಸಿದ ದಿನ ಮೇಲಿನ ಮನೆಯವರು ಬಾಗಿಲು ತಟ್ಟಿದರು. ಬೈಯಲಿಕ್ಕೆ ಬಂದರೆಂದು ಹೆದರಿದೆ. ಅವರು ಒಂದು ಬಟ್ಟಲು ಸಾರು ಕೇಳಲು ಬಂದಿದ್ದರು. ಆ ಚಳಿಗಾಲದಲ್ಲಿ ನಾನು ನಕ್ಕದ್ದು ಅದೊಂದೇ ದಿನ ಇರಬೇಕು.

ಯಾಕೆಂದರೆ ಬಂದ ವಾರದಲ್ಲೇ ಈ ಯಂತ್ರದ ಒಂದು ಶಬ್ದ ನನ್ನನ್ನು ಹಿಡಿದುಕೊಂಡಿತ್ತು. ತೇವದ ಚಳಿಯಲ್ಲಿ ಹೊರಗಿನ ಪೆಟ್ಟಿಗೆಗೆ ಮಂಜು ಕಟ್ಟುತ್ತದೆ. ಆಗ ಯಂತ್ರ ತಾನೇ ಕೆಲವು ನಿಮಿಷ ದಿಕ್ಕು ಬದಲಿಸಿ, ಮನೆಯೊಳಗಿನ ಕಾವನ್ನೇ ತೆಗೆದು ಆ ಮಂಜನ್ನು ಕರಗಿಸಿಕೊಳ್ಳುತ್ತದೆ. ವಾಲ್ವ್ ತಿರುಗುವಾಗ 'ಹಾ...' ಎಂದು ಒಂದು ಉಸಿರು ಬಿಟ್ಟಂತೆ ಕೇಳುತ್ತದೆ. ಬೆಳಿಗ್ಗೆಯಿಂದ ಮೀನು ಮಾರಿ ಬಂದು, ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂರುವಾಗ ನನ್ನ ಅಕ್ಕ ಗುಲಾಬಿ ಬಿಡುತ್ತಿದ್ದ ಉಸಿರು ಅದೇ. ಕೆಲಸದ ನಡುವೆ ಒಂದು ದಿನ ನಾನು ತಿರುಗಿ, "ಎಂತ ಅಕ್ಕ?" ಎಂದುಬಿಟ್ಟೆ. ಊಲಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನೋಡಿದ. ಅಕ್ಕ ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು.

ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದ್ದು ಅಕ್ಕ. ಅವಳ ಬುಟ್ಟಿಯ ದುಡಿಮೆಯಲ್ಲೇ ನಾನು ಐಟಿಐ ಕಲಿತೆ. ಅವಳ ಕಿಡ್ನಿ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾದ ಬೇಸಿಗೆಯಲ್ಲಿ ನಾನು ಹೊಸ ಏಸಿ ತಂದು ಅವಳ ಕೋಣೆಗೆ ಹಾಕಿದೆ. ನಮ್ಮ ಓಣಿಗೇ ಅದು ಮೊದಲನೆಯದು. "ಇಷ್ಟೆಲ್ಲ ಎಂತಕ್ ಮಾಡುಕ್ ಹೋದೆ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಭಾರಿ ಲಾಯ್ಕಿತ್ತ್ ಕಾಣ್" ಎಂದಳು. ದಿನವೂ ಸಂಜೆ ನಾನು ಬಂದಾಗ ಅವಳು ಅದರ ಕೆಳಗೆ ಮಲಗಿರುತ್ತಿದ್ದಳು. ನನಗೆ ಒಂದು ಸಮಾಧಾನ. ಅವಳ ಸೀರೆಗೆ ಯಾವಾಗಲೂ ಹೊಗೆಯ ವಾಸನೆ. "ಒಲೆ ಹತ್ರ ಎಂತಕ್ ಹೋಪ್ದ್ ನೀನ್?" ಎಂದು ಗದರುತ್ತಿದ್ದೆ. ಎಂಟು ತಿಂಗಳಿಗೆ ಹೋದಳು.

ಇಲ್ಲಿನ ಎರಡನೆಯ ಚಳಿಗಾಲದಲ್ಲಿ ಮಾರಿತ್ ಎನ್ನುವ ಅಜ್ಜಿಯ ಮನೆಯಿಂದ ಕರೆ ಬಂತು. ಎಂಬತ್ತು ದಾಟಿದವರು. ಇಲ್ಲಿ ಗೌರವಕ್ಕೆ ಬಹುವಚನ ಇಲ್ಲ. ಪ್ರಧಾನಿಯಾದರೂ 'ದು', ಅಂದರೆ ನೀನು. ನನ್ನ ನಾಲಿಗೆಗೆ ಅದು ಇವತ್ತಿಗೂ ಒಗ್ಗಿಲ್ಲ. ಪಕ್ಕದ ಬೀದಿಯಲ್ಲಿರುವ ಅವರ ಮಗಳು ಈ ಯಂತ್ರ ಕೊಡಿಸಿದ್ದಳು. ಹಗಲು ಬೀದಿಯಲ್ಲಿ ಹಾದುಹೋಗುವಾಗ ನೋಡಿದರೆ ಹೊರಗಿನ ಪೆಟ್ಟಿಗೆ ನಿಂತಿರುತ್ತದೆ, ಕೆಟ್ಟಿರಬೇಕು ಎಂದು ಮಗಳ ದೂರು. ಎರಡು ಸಲ ಹೋಗಿ ನೋಡಿದೆ, ಎಲ್ಲ ಸರಿಯಾಗಿತ್ತು. ಮೂರನೆಯ ಸಲ ಹೇಳದೆ ಹೋದೆ. ಕೂರುವ ಕೋಣೆ ತಣ್ಣಗಿತ್ತು. ಅಜ್ಜಿ ಅಡುಗೆಮನೆಯಲ್ಲಿ, ಸೌದೆ ಒಲೆಗೆ ಅಂಟಿಕೊಂಡಂತೆ ಕೂತಿದ್ದರು.

"ಅದು ಕೆಟ್ಟಿಲ್ಲ," ಎಂದರು. "ನಾನೇ ಆಫ್ ಮಾಡುತ್ತೇನೆ. ಅದರ ಗಾಳಿ ಕುತ್ತಿಗೆಗೆ ಬೀಳುತ್ತದೆ. ಬಿಸಿ ಗಾಳಿಯೇ ಆದರೂ ಗಾಳಿ ಗಾಳಿಯೇ, ನನಗೆ ಚಳಿಯಾಗುತ್ತದೆ."

"ಮಗಳಿಗೆ ಹೇಳಬಹುದಲ್ಲ?"

"ಕೆಲಸ ಮುಗಿಸಿ ಅವಳ ಕಾರು ಬಂದದ್ದು ಕಂಡರೆ ಆನ್ ಮಾಡಿ ಅದರ ಕೆಳಗೆ ಹೋಗಿ ಕೂರುತ್ತೇನೆ. ಆಸೆಪಟ್ಟು ಕೊಡಿಸಿದ್ದಾಳೆ. ನೀನೂ ಹೇಳಬೇಡ."

ಏಣಿ ಅಲ್ಲೇ ಬಿಟ್ಟು ನಾನು ಹೊರಗೆ ವ್ಯಾನಿಗೆ ಬಂದೆ. ಊರಿನಲ್ಲಿ ಆಗ ಮಧ್ಯಾಹ್ನ ಕಳೆದಿತ್ತು. ನಮ್ಮ ಮನೆಯಲ್ಲೇ ಇರುವ ಅಕ್ಕನ ಗಂಡ ಶಂಕರ ಭಾವನಿಗೆ ಫೋನ್ ಮಾಡಿದೆ.

"ಭಾವ, ಒಂದ್ ಮಾತ್ ಕೇಂತೆ, ಸತ್ಯ ಹೇಳ್ಕ್. ಅಕ್ಕಂಗೆ ಆ ಏಸಿ ಆತಿತ್ತಾ?"

"ಈಗ ಎಂತಕ್ ಅದೆಲ್ಲ?"

"ಹೇಳಿ ಭಾವ."

"ಇಲ್ಲೆ ರಾಘು. ಡಯಾಲಿಸಿಸ್ ಮುಗ್ಸಿ ಬಂದ್ರೆ ಗಡಗಡ ನಡುಗ್ತಿದ್ಲ್. ನೀ ಕೆಲ್ಸಕ್ ಹೋದ್ ಕೂಡ್ಲೆ ಅದ್ನ್ ಬಂದ್ ಮಾಡಿ ಬಚ್ಚಲ್ ಒಲೆ ಹತ್ರ ಮಣೆ ಹಾಯ್ಕಂಡ್ ಕೂಕಂತಿದ್ಲ್. ನಿನ್ ಬೈಕಿನ್ ಶಬ್ದ ಕೇಂಡ್ರೆ ಗ್ವಾಡಿ ಹಿಡ್ಕಂಡ್ ಬಂದ್, ಏಸಿ ಹಾಕಿ ಮನಿಕಂತಿದ್ಲ್."

"ನಂಗ್ ಎಂತಕ್ ಹೇಳ್ಲಿಲ್ಲ ನೀವ್?"

"'ತಮ್ಮಂಗ್ ಹೇಳುಕಾಗ' ಅಂದ್ ಆಣೆ ಹಾಕ್ಸ್ಕಂಡಿದ್ಲ್ ಮಾರಾಯ."

ವ್ಯಾನಿನ ಗಾಜಿಗೆ ಒಳಗಿನಿಂದ ಮಂಜು ಹಿಡಿಯುವ ತನಕ ಕೂತಿದ್ದೆ. ಎಂಟು ತಿಂಗಳು. ಒಂದು ದಿನ, ಒಂದೇ ಒಂದು ದಿನ, 'ಅಕ್ಕ, ಚಳಿ ಆತ್ತಾ?' ಎಂದು ಕೇಳಬಹುದಿತ್ತು. ರಕ್ತ ಕಡಿಮೆಯಾದವರಿಗೆ, ಡಯಾಲಿಸಿಸ್ ಆದವರಿಗೆ ಬೇಸಿಗೆಯಲ್ಲೂ ಚಳಿಯಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ ನಿಜ. ಹೊಗೆಯ ವಾಸನೆ ನನ್ನ ಮೂಗಿಗೆ ಬಡಿದಿತ್ತು ಅನ್ನುವುದೂ ನಿಜ.

ಮತ್ತೆ ಒಳಗೆ ಹೋದೆ. ಯಂತ್ರವನ್ನು ಅಜ್ಜಿಯ ಕುರ್ಚಿಯ ನೇರಕ್ಕೆ ಹಾಕಿದ್ದರು. ಅದನ್ನು ಬಿಚ್ಚಿ, ಹೊಸ ಕೊಳವೆ ಎಳೆದು, ಕೋಣೆಗಳ ನಡುವಿನ ಹಾದಿಯ ಗೋಡೆಗೆ ಕೂರಿಸಿದೆ. ಗಾಳಿ ಯಾರ ಮೈಮೇಲೂ ಬೀಳದೆ ನೆಲದ ಮೇಲೆ ಹರಿದು ಕೋಣೆಗಳಿಗೆ ಹೋಗುವ ಹಾಗೆ ರೆಕ್ಕೆಗಳನ್ನು ಕೆಳಗೆ ತಿರುಗಿಸಿದೆ. ಇಡೀ ದಿನ ಹಿಡಿಯಿತು. ಸಂಜೆ ಮಗಳು ಬಂದಾಗ, "ಕೂರಿಸಿದ ಜಾಗ ತಪ್ಪಾಗಿತ್ತು, ತಪ್ಪು ನಮ್ಮದೇ" ಎಂದೆ. ಊಲಾನಿಗೆ ನಿಜ ಹೇಳಿದೆ. ಅವನು ಆ ದಿನದ ಖರ್ಚನ್ನು ಕಂಪನಿಯ ಲೆಕ್ಕಕ್ಕೆ ಬರೆದು ಸಹಿ ಹಾಕಿದ. ಮರುವಾರ ನೋಡಲು ಹೋದಾಗ ಅಜ್ಜಿ ಸ್ವೆಟರ್ ಬಿಚ್ಚಿಟ್ಟು ಕಿಟಕಿಯ ಹತ್ತಿರ ಕೂತಿದ್ದರು. ಅಡುಗೆಮನೆಯ ಒಲೆಯೂ ಉರಿಯುತ್ತಿತ್ತು. "ಅದು ಅಭ್ಯಾಸ" ಎಂದರು. ಅಂದಿನಿಂದ ಭಾನುವಾರ ನನಗೆ ಅಲ್ಲೇ ಕಾಫಿ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಓಣಿಯಲ್ಲಿ ಸಿಕ್ಕಿದವರೆಲ್ಲ ಒಂದೇ ಉಸಿರಿಗೆ ಕೇಳಿದ್ದು, "ಯಾವಾಗ ಬಂದ್ದ್? ಯಾವಾಗ ಹೋಪ್ದ್?" ಭಾವ ಅಕ್ಕನ ಕೋಣೆ ಗುಡಿಸಿ, ಏಸಿ ಸರ್ವಿಸ್ ಮಾಡಿಸಿ, ಹದಿನೆಂಟಕ್ಕೆ ಇಟ್ಟು ಬಾಗಿಲು ಮುಚ್ಚಿಟ್ಟಿದ್ದ.

"ನೀ ಚಳಿ ದೇಶದವ. ನಿಂಗೆ ಇಲ್ಲಿನ್ ಸೆಕಿ ತಡುಕಾತಿಲ್ಲ" ಎಂದ.

ಅಕ್ಕನ ಮಂಚದ ಮೇಲೆ ಮಲಗಿದೆ. ಗಾಳಿ ನೇರ ಎದೆಯ ಮೇಲೆ ಬೀಳುತ್ತಿತ್ತು. ಕಾಲು ತಣ್ಣಗಾಯಿತು, ಬೆರಳು ತಣ್ಣಗಾಯಿತು. ಬಾಗಿಲ ಸಂದಿಯಲ್ಲಿ ಭಾವ ಇಣುಕಿ, "ಲಾಯ್ಕಿತ್ತಾ?" ಎಂದು ಕೇಳಿದ. 'ಹ್ಞಾಂ' ಎನ್ನುವುದು ಬಾಯಿಯ ತನಕ ಬಂದಿತ್ತು. ಆ ಮನೆಯಲ್ಲಿ ಆ ಸುಳ್ಳು ಸಾಕಷ್ಟು ಆಗಿತ್ತು.

"ಇಲ್ಲೆ ಭಾವ. ಚಳಿ ಆತ್ ನಂಗೆ."

ಅವನು ನಕ್ಕುಬಿಟ್ಟ. "ಹಿಮದಗಿಪ್ಪವನಿಗೆ ಇಲ್ಲಿ ಚಳಿಯಾ?" ನಗು ಅರ್ಧಕ್ಕೆ ನಿಂತಿತು. ಬಂದು ರಿಮೋಟ್ ತೆಗೆದುಕೊಂಡು ಬಂದ್ ಮಾಡಿದ. ಕಿಟಕಿ ತೆಗೆದ. ಸಮುದ್ರದ ಕಡೆಯಿಂದ ಸೆಕೆ ಒಳಗೆ ಬಂತು. ನಾವಿಬ್ಬರೂ ಮಂಚದ ತುದಿಯಲ್ಲಿ ಬೆವರುತ್ತಾ ಕೂತೆವು. ಭಾವ ಲುಂಗಿಯ ಅಂಚಿನಲ್ಲಿ ಕುತ್ತಿಗೆ ಒರೆಸಿಕೊಂಡು ಕೇಳಿದ, "ಅಲ್ಲಿ ನಿನ್ನ ಕೇಂಬವ್ರ್ ಯಾರಾರೂ ಇದ್ರಾ?"

"ಒಬ್ರ್ ಅಜ್ಜಿ ಇದ್ರ್."

"ಹಾಂಗಾರೆ ಅಡ್ಡಿಲ್ಲೆ" ಎಂದ.

ಉಳಿದ ಹನ್ನೊಂದು ದಿನ ಕಿಟಕಿ ತೆರೆದಿಟ್ಟೇ ಮಲಗಿದೆ. ಹೊರಡುವಾಗ "ಹೋಯ್ ಬತ್ತೆ" ಎಂದೆ. ಭಾವ, "ಮುಟ್ಟಿದ್ ಕೂಡ್ಲೆ ಫೋನ್ ಮಾಡ್" ಎಂದ. ಮರುದಿನ ನನ್ನ ನೆಲಮಾಳಿಗೆಯ ಬಾಗಿಲು ತೆರೆದು, ಚೀಲ ಕೆಳಗಿಡುವ ಮೊದಲೇ ಫೋನ್ ಮಾಡಿದೆ.

"ಭಾವ, ಮನೆಗ್ ಬಂದ್ ಮುಟ್ಟ್ದೆ."

ಹೇಳಿದ ಮೇಲೆ ನನಗೇ ಕೇಳಿಸಿತು, 'ಮನೆ' ಎಂದದ್ದು. ಅಲ್ಲಿ ನಾನು ಹುಟ್ಟಿದ ಮನೆಯ ಜಗಲಿಯಲ್ಲಿ ಕೂತಿದ್ದ ಭಾವ, "ಹ್ಞಾಂ, ಒಳ್ಳೇದಾಯ್ತ್" ಎಂದ.