ಅಲುಗಿದ ಮುಖ

ದೆವ್ವದ ಸುದ್ದಿ ಹೇಳುವವರನ್ನು ಕಂಡರೆ ನಾನು ಮುಖಕ್ಕೆ ಹೊಡೆದ ಹಾಗೆ ಮಾತನಾಡುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಮದರಾಸು ಸರಕಾರದ ಕಾಲದಲ್ಲಿ, ಹೊಸಪೇಟೆಯ ನಮ್ಮ ಮನೆಯಲ್ಲಿ, ನಾನೇ ಕೈಯಾರೆ ತೊಳೆದ ಫಿಲ್ಮಿನಲ್ಲಿ ಕಂಡದ್ದನ್ನು ಸುಳ್ಳೆನ್ನಲೂ ಆರೆ.

ಆಗ ನನ್ನಲ್ಲೊಂದು ಡಬ್ಬಿ ಕ್ಯಾಮೆರಾ ಇತ್ತು. ಕಾಳಿನ ಕೋಣೆಯ ಬಾಗಿಲ ಸಂದಿಗೆ ಕೌದಿ ತುರುಕಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ, ಫಿಲ್ಮನ್ನು ಅಲ್ಲೇ ತೊಳೆಯುತ್ತಿದ್ದೆ. ಕಲಿಸುವವರಿರಲಿಲ್ಲ, ಕೆಡಿಸಿ ಕೆಡಿಸಿಯೇ ಕಲಿತೆ. ಬೆಳಕು ನುಗ್ಗಿದರೆ ಅಂಚು ಕಪ್ಪಾಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ಹಂಡೆಯ ನೀರು ಬಳಸಿದರೆ ಚಿತ್ರ ಹಾಲಿನ ಕೆನೆಯಂತೆ ಸುಕ್ಕಾಗಿ ಜಾರಿಹೋಗುತ್ತದೆ; ಮರಳಲ್ಲಿ ಹುಗಿದ ಗಡಿಗೆಯ ನೀರೇ ಬೇಕು. ಯಾವ ತಪ್ಪು ಯಾವ ಗುರುತು ಬಿಡುತ್ತದೆಂಬುದು ನನಗೆ ಬಾಯಿಪಾಠವಾಗಿತ್ತು.

ನನ್ನ ಅಕ್ಕನನ್ನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿತ್ತು. ಹೋದಾಗಲೆಲ್ಲ, "ನಂದೊಂದು ತೆಗಿಯೋ ತಮ್ಮಾ," ಎನ್ನುತ್ತಿದ್ದಳು. ಅವಳ ಅತ್ತೆ ಅಡ್ಡ ಬರುತ್ತಿದ್ದರು: "ಬ್ಯಾಡ್ರಿ. ಫೋಟೊ ತೆಗೆದ್ರ ಆಯುಷ್ಯ ಕಡಿಮಿ ಆಗ್ತೈತಿ." ಹೀಗೆ ಆಯುಷ್ಯ ಕಾಪಾಡಿದ ಮನೆಯಲ್ಲೇ ಅಕ್ಕ ಜ್ವರ ಬಂದು, ಇನ್ನೂ ಮಾತು ಬಾರದ ಮಗಳನ್ನು ಬಿಟ್ಟು ಸತ್ತಳು. ವೈದ್ಯರನ್ನು ಕರೆಸಿದ್ದು ತೀರ ಕೊನೆಗೆ.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುತ್ತಾರೆ. ಅಕ್ಕನನ್ನು ಪಡಸಾಲೆಯ ಗೋಡೆಗೆ ಒರಗಿಸಿ, ತಲೆ ವಾಲದಂತೆ ಬಟ್ಟೆಯ ಪಟ್ಟಿಯಿಂದ ಗೂಟಕ್ಕೆ ಬಿಗಿದು, ಹಾರ ಹಾಕಿದ್ದರು. ಆಗ ಅದೇ ಅತ್ತೆ, "ಪೂಜಿಗೆ ಒಂದು ಫೋಟೊ ಬೇಕ್ರಿ. ಜಲ್ದಿ ತೆಗೀರಿ, ಹೊತ್ತಾತು," ಎಂದರು. ಸಿಟ್ಟು ನೆತ್ತಿಗೇರಿತು. ಆದರೆ ಆ ಕೂಸಿಗೆ ತಾಯಿಯ ಮುಖ ಉಳಿಯಬೇಕಾದರೆ ಬೇರೆ ದಾರಿಯಿರಲಿಲ್ಲ. ಬೆಳಕು ಕಡಿಮೆ. ಸುತ್ತ ಕುಳಿತವರಿಗೆ ಉಸಿರು ಬಿಗಿಹಿಡಿಯಲು ಹೇಳಿ, ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟೆ. ಇಂಥದರಲ್ಲಿ ಬದುಕಿದವರು ಅಲುಗಿ ಕೆಡುತ್ತಾರೆ, ಸತ್ತವರು ಕೆಡುವುದಿಲ್ಲ.

ಮರುದಿನ ಮಧ್ಯಾಹ್ನ, ಕಲಿತದ್ದನ್ನೆಲ್ಲ ನೆನೆದು ನೆನೆದು, ಒಂದು ತಪ್ಪೂ ಆಗದಂತೆ ತೊಳೆದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದೆ. ಸುತ್ತ ಕುಳಿತವರೆಲ್ಲ ಸ್ಪಷ್ಟ. ಹಾರದ ಎಸಳು ಸ್ಪಷ್ಟ, ತಲೆ ಬಿಗಿದ ಪಟ್ಟಿಯ ಗಂಟೂ ಸ್ಪಷ್ಟ. ಅಕ್ಕನ ಮುಖವೊಂದೇ ಅಡ್ಡಡ್ಡ ಕಲಸಿಹೋಗಿತ್ತು, ಒಲ್ಲೆನೆಂದು ಜೋರಾಗಿ ತಲೆಯಾಡಿಸಿದವರ ಹಾಗೆ.

ಬೆಳಕಿನ ಗುರುತಲ್ಲ, ಬಿಸಿನೀರಿನದೂ ಅಲ್ಲ. ಬಳ್ಳಾರಿಯ ಸ್ಟುಡಿಯೊ ಒಂದಕ್ಕೆ ಒಯ್ದೆ. ಅಲ್ಲಿದ್ದವನು ಫಿಲ್ಮಿನ ಮೇಲೆ ಒಮ್ಮೆ ಕಣ್ಣಾಡಿಸಿ, "ತೊಳದದ್ದು ಮಸ್ತ್ ಐತ್ರಿ. ಆಕಿನ ಅಲುಗ್ಯಾಳ. ಇನ್ನೊಂದ್ಸಲ ಕುಂದ್ರಿಸಿ ತೆಗೀರಿ," ಎಂದ. ನಾನು ಫಿಲ್ಮನ್ನು ಕಿಸೆಗಿಟ್ಟು ಎದ್ದು ಬಂದೆ.

ಅಕ್ಕನ ಮಗಳು ದೊಡ್ಡವಳಾದ ಮೇಲೆ ಹಟ ಹಿಡಿದು ಆ ಚಿತ್ರ ನೋಡಿದಳು. ಕಲಸಿದ ಮುಖದ ಮೇಲೆ ಬೆರಳಿಟ್ಟು ಕೇಳಿದಳು: "ಮಾಮಾ, ನಮ್ಮವ್ವ ಯಾರಿಗೆ ಒಲ್ಲೆ ಅಂತಾಳ? ನನಗೇನು?"

"ನಿನಗಲ್ಲ ಬಿಡವ್ವಾ," ಎಂದೆ. ನಿಜ ಹೇಳಬೇಕೆಂದರೆ, ಅದೂ ನನಗೆ ಗೊತ್ತಿಲ್ಲ.