ಹೊಸ ರೂಟರಿನ ಕಾವಲಿಗೆ ಕೂತ ಅಪೊಂಡಿ

ಬೆಳಗಿನ ಐದೂವರೆ. ರಾತ್ರಿ ದೀಪ ಹಚ್ಚಿಕೊಂಡು ಸರೋವರಕ್ಕೆ ಒಮೆನಾ ಎಂಬ ಸಣ್ಣ ಮೀನು ಹಿಡಿಯಲು ಹೋಗಿದ್ದ ದೋಣಿಗಳು ಒಂದೊಂದಾಗಿ ದಡಕ್ಕೆ ಮರಳುತ್ತಿವೆ. ದ್ವೀಪದ ಪುಟ್ಟ ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ, ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮಿಲ್ಕಾ ಅಪೊಂಡಿ ಕೂತಿದ್ದಾರೆ. ನಿನ್ನೆ ಸಂಜೆ ಅವರೇ ಗೋಡೆಗೆ ಕೂರಿಸಿದ ಹೊಸ ರೂಟರ್ ಹಸಿರು ದೀಪ ಮಿಟುಕಿಸುತ್ತಿದೆ. "ಇನ್ನು ಹತ್ತು ನಿಮಿಷ ಮಾತಾಡ್ಬೇಡಿ," ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನನಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ, ಆದರೂ ಚಹಾ ಹೀರುತ್ತ ಸುಮ್ಮನಾಗುತ್ತೇನೆ.

ನಲವತ್ತೊಂದರ ಅಪೊಂಡಿ ಎಂಬಿಟಾ ದಡದಿಂದ ದೋಣಿ ಹತ್ತಿ, ಹನ್ನೊಂದು ವರ್ಷಗಳಿಂದ ದ್ವೀಪಗಳ ಶಾಲೆ, ಆಸ್ಪತ್ರೆಗಳಿಗೆ ಇಂಟರ್ನೆಟ್ ಜೋಡಿಸುತ್ತಿದ್ದಾರೆ. ಈವರೆಗೆ ಅರವತ್ತಮೂರು ಕಡೆ. ಪೆಟ್ಟಿಗೆ ತೂಗುಹಾಕುವುದು ಅರ್ಧ ಗಂಟೆಯ ಕೆಲಸ. ಭದ್ರ ಮಾಡುವುದಕ್ಕೆ ಅರ್ಧ ದಿನ ಬೇಕು. ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಕಿತ್ತುಹಾಕಬೇಕು, ಹೊರಗಿನಿಂದ ಕೈಯಾಡಿಸುವ ದಾರಿ ಮುಚ್ಚಬೇಕು, ರೋಗಿಗಳ ವಿವರವಿರುವ ಕಂಪ್ಯೂಟರನ್ನು ಬಂದುಹೋಗುವವರ ಫೋನುಗಳಿಂದ ಬೇರೆ ಮಾಡಬೇಕು. ಅಲ್ಲೇ ತಂಗಿ, ಬೆಳಗ್ಗೆ ಯಾವ ಯಾವ ಫೋನು ಬಂದು ತಟ್ಟಿತೆಂದು ನೋಡಿಯೇ ಅಪೊಂಡಿ ಹೊರಡುವುದು.

ಈ ರೂಢಿ ಸುಮ್ಮನೆ ಬಂದದ್ದಲ್ಲ. ಆರು ವರ್ಷಗಳ ಹಿಂದೆ ಇನ್ನೊಂದು ದ್ವೀಪದ ಆಸ್ಪತ್ರೆಯಲ್ಲಿ, ಕಡೆಯ ದೋಣಿ ತಪ್ಪೀತೆಂದು ಕಂಪನಿಯ ಪಾಸ್‌ವರ್ಡನ್ನೇ ಬಿಟ್ಟು ಬಂದಿದ್ದರು. ಎರಡೇ ವಾರದಲ್ಲಿ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರ ಪಟ್ಟಿ ಫೋನಿಂದ ಫೋನಿಗೆ ಹರಿದಾಡಿತು. "ಒಬ್ಳು ಬಸುರಿ ಇದ್ಲು. ಗಂಡನ ಮನೆಯೋರು ಅವಳ ತಟ್ಟೆ ಹೊರಗೆ ಎಸೆದ್ರು, ಅವಳನ್ನೂ ತಳ್ಳಿದ್ರು. ತಪ್ಪಾಯ್ತು ಅಂತ ಹೇಳೋಕೆ ಹೋದೆ. ಅವಳು ಬಾಗಿಲೇ ತೆಗೀಲಿಲ್ಲ," ಎನ್ನುವಾಗ ಅಪೊಂಡಿ ನನ್ನ ಮುಖ ನೋಡುವುದಿಲ್ಲ.

ಈ ಆಸ್ಪತ್ರೆಯ ನರ್ಸ್ ಪೆರೆಸ್ ಅವೂರ್ ಮೂರು ತಿಂಗಳ ಹಿಂದೆ, ಡ್ಯೂಟಿಗೆ ಬರುವಾಗ ದೋಣಿ ಮಗುಚಿ ತೀರಿಕೊಂಡರು. ದೇಹ ಸಿಕ್ಕಿತು, ಫೋನು ಸಿಗಲಿಲ್ಲ. ಹಳೆಯ ರೂಟರಿಗೆ 'ಅವೂರ್' ಎಂದು ತಮ್ಮದೇ ಹೆಸರು ಇಟ್ಟವರು ಅವರು. ಸತ್ತವರ ಹೆಸರನ್ನು ಕೂಸುಗಳಿಗಿಟ್ಟು ಉಳಿಸಿಕೊಳ್ಳುವ ಜನ ನಾವು, ಅಳಿಸುತ್ತೇವೆಯೇ? ಹೊಸದಕ್ಕೂ ಅದೇ ಹೆಸರಿರಲಿ ಎಂದು ಊರು ಪಟ್ಟು ಹಿಡಿಯಿತು. ಅಪೊಂಡಿ ಹೆಸರು ಉಳಿಸಿದರು, ಪಾಸ್‌ವರ್ಡ್ ಬದಲಿಸಿದರು.

ಐದು ನಲವತ್ತು. ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಯಾವುದೋ ಫೋನು ಒಳಬರಲು ನೋಡಿದೆ, ಪಾಸ್‌ವರ್ಡ್ ತಪ್ಪಾಗಿದೆ. ಮತ್ತೊಮ್ಮೆ. ಮೂರನೆಯ ಸಲ. ಪ್ರತಿ ಫೋನಿಗೂ ಅದರದೇ ಒಂದು ಸಂಖ್ಯೆ ಇರುತ್ತದೆ. ಅಪೊಂಡಿ ಹಳೆಯ ರೂಟರಿನ ಪಟ್ಟಿಯಲ್ಲಿ ಅದೇ ಸಂಖ್ಯೆಯ ಮೇಲೆ ಬೆರಳಿಡುತ್ತಾರೆ. ಪಕ್ಕದಲ್ಲಿ ಪೆರೆಸ್ ಎಂದಿದೆ.

"ಹಳೇ ರೂಟರ್ ಮೂರು ತಿಂಗಳೂ ದಿನಾ ಇದೇ ಹೊತ್ತಿಗೆ ಈ ಫೋನನ್ನ ಒಳಗೆ ಬಿಟ್ಕೊಂಡಿದೆ," ಎನ್ನುತ್ತಾರೆ.

"ಯಾರೋ ಮೀನುಗಾರನಿಗೆ ಸಿಕ್ಕಿರ್ಬೇಕು ಬಿಡಿ," ಎಂದು ನಾನು ಬೇಕೆಂದೇ ಜೋರಾಗಿ ಹೇಳುತ್ತೇನೆ.

"ಸಿಗ್ನಲ್ ನೋಡಿ. ಫೋನು ಆ ಬಾಗಿಲ ಹತ್ರಾನೇ ಇದೆ."

ಹೆರಿಗೆ ಕೋಣೆಯ ಬಾಗಿಲು ತೆರೆದೇ ಇದೆ. ಅಲ್ಲಿ ಯಾರೂ ಇಲ್ಲ. ನಾನು ಬೆಂಚಿನ ಈಚೆ ತುದಿಗೆ ಸರಿಯುತ್ತೇನೆ, ಸುಳ್ಳು ಹೇಳಲಾರೆ.

ಆಸ್ಪತ್ರೆಯ ಕಾವಲುಗಾರ ಒಗುತು ಟೋಪಿ ತೆಗೆದು ಹತ್ತಿರ ಬರುತ್ತಾರೆ. ತೀರಿಕೊಂಡ ಪೆರೆಸ್ ಅವರ ಗಂಡ ಇವರೇ. ಅಪೊಂಡಿಯನ್ನು ತವರೂರು ಹಿಡಿದು, ಗೆಮ್‌ನ ಮಗಳೇ ಎಂದೇ ಕರೆಯುತ್ತಾರೆ.

"ಗೆಮ್‌ನ ಮಗಳೇ, ಬಂದ್ಲಾ?"

"ಫೋನು ಬಂತು, ಬಾಬಾ."

"ಹಳೇ ಪಾಸ್‌ವರ್ಡೇ ಹಾಕ್ಬಿಡು ತಾಯಿ. ಡ್ಯೂಟಿಗೆ ಒಂದಿನ ತಡ ಮಾಡ್ದೋಳಲ್ಲ. ಈಗ ಹೊರಗೆ ನಿಂತಿದಾಳೆ, ಪಾಪ."

"ಅವ್ರೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಮೂವತ್ತು ವರ್ಷ ಸಂಸಾರ ಮಾಡಿದೀನಿ. ನನಗೆ ಗೊತ್ತಾಗಲ್ವಾ?"

ಅಪೊಂಡಿಯ ಕಣ್ಣು ತುಂಬುತ್ತದೆ. ಕೈ ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ಆ ಸಂಖ್ಯೆಯನ್ನು ತಡೆಯಬೇಕಾದವರ ಪಟ್ಟಿಗೆ ಸೇರಿಸಿ, ಲ್ಯಾಪ್‌ಟಾಪ್ ಮುಚ್ಚುತ್ತಾರೆ.

"ಇನ್ನೂರ ಹನ್ನೆರಡು ರೋಗಿಗಳ ಗುಟ್ಟು ಈ ಆಸ್ಪತ್ರೆಯ ಕಂಪ್ಯೂಟರೊಳಗಿದೆ, ಬಾಬಾ. ಇಷ್ಟು ವರ್ಷ ಅದನ್ನ ಕಾಪಾಡಿದೋರು ನಿಮ್ಮ ಮನೆಯೋರೇ. ಬಂದಿರೋದು ಅವ್ರೇ ಆದ್ರೆ ನನ್ನ ಬೈಯಲ್ಲ. ಬೇರೆ ಯಾರಾದ್ರೂ ಆದ್ರೆ ನಾನು ಒಳಗೆ ಬಿಡಲ್ಲ."

ಒಗುತು ಆ ಖಾಲಿ ಬಾಗಿಲ ಕಡೆ ತಿರುಗುತ್ತಾರೆ.

"ಕೇಳಿಸ್ತಾ ಅವೂರ್? ಈಕೆ ನಿನ್ನ ಹಾಗೇ ಗಟ್ಟಿ ಕೆಲಸಗಾತಿ. ನೀನಿನ್ನು ಹೋಗಿ ಮಲಕ್ಕೊ."